ಕೊಕ್ಕಿಲ್ಲದ ಗಿಳಿಗಳು

ಕೊಯಮತ್ತೂರು ಗಾಂಧಿಪುರದ ಆ ಅಂಗಡಿಯಲ್ಲಿ ಸ್ಟಿಕ್ಕರ್ ಕತ್ತರಿಸುವ ಮಿಷಿನುಗಳು ಮೂರೇ ಇದ್ದವು. ಆ ಮೂರನ್ನು ನೋಡಿ ಮುಗಿಸಲು ಕಲೈಸೆಲ್ವಿಗೆ ಅರ್ಧ ದಿನ ಹಿಡಿಯಿತು.

ಮೊದಲನೆಯದು ಅವಳ ಮನೆಯಲ್ಲಿರುವುದರ ಹಾಗೆಯೇ ಇತ್ತು. ಹೊಸದು ಅನ್ನುವುದೊಂದೇ ಹೆಚ್ಚು. ಅಕ್ಷರ ಕತ್ತರಿಸುತ್ತದೆ, ನಂಬರು ಕತ್ತರಿಸುತ್ತದೆ, ಅಷ್ಟೆ. ಮೂರನೆಯದು ಜಪಾನಿನದು. ಮೇಲೆ ಗಾಜಿನಂಥ ಮುಚ್ಚಳ, ಓಡಿದರೆ ಸದ್ದೇ ಇಲ್ಲ. ಅದರ ಬೆಲೆ ಕೇಳಿದ ಮೇಲೆ ಅವಳು ಅದರ ಹತ್ತಿರ ಹೋಗಲಿಲ್ಲ. ನಡುವಿನದರ ಮುಂದೆಯೇ ನಿಂತಳು. ಬ್ಲೇಡು ಕೂತಿರುವ ಪುಟ್ಟ ತಲೆ ಅದರಲ್ಲಿ ಅತ್ತಿಂದಿತ್ತ ಓಡುತ್ತಿತ್ತು. ತಲೆಯ ಅಡಿಯಲ್ಲಿ ಕಡಲೆಕಾಳಿನಷ್ಟು ಕೆಂಪು ಬೆಳಕು.

"ಇದೇ ಅಕ್ಕಾ ಸೆನ್ಸರ್," ಎಂದ ಅಂಗಡಿಯ ಸೆಂದಿಲ್ ಕುಮಾರ್, ತಮಿಳಿನಲ್ಲಿ. "ಪ್ರಿಂಟ್ ಆದ ರೋಲಿನಲ್ಲಿ ಪ್ರತಿ ಚಿತ್ರದ ನಾಲ್ಕು ಮೂಲೆಗೂ ಕಪ್ಪು ಗುರುತು ಇರ್ತದಲ್ಲ, ಅದನ್ನ ಇದು ಓದ್ತದೆ. ಓದಿ, ಚಿತ್ರದ ಅಂಚು ಹಿಡ್ಕೊಂಡು ಕತ್ತರಿಸ್ತದೆ. ನಿಮ್ಮ ಹಳೇದು ಕುರುಡು ಮಿಷಿನ್."

"ಕುರುಡಾದರೂ ಹನ್ನೆರಡು ವರ್ಷ ಅನ್ನ ಹಾಕಿದೆ, ತಂಬಿ."

"ಅದಕ್ಕೇ ಎಕ್ಸ್‌ಚೇಂಜಿಗೆ ಆರು ಸಾವಿರ ಕೊಡ್ತಾ ಇರೋದು. ಬೇರೆಯವರು ತೂಕಕ್ಕೆ ಹಾಕ್ತಾರೆ."

ಅವಳಿಗೆ ನಗು ಬಂತು, ಆದರೆ ಮನಸ್ಸು ಲೆಕ್ಕ ಬಿಡಲಿಲ್ಲ. ಕೈಯಲ್ಲಿ ಮೂವತ್ತು ಸಾವಿರವಿತ್ತು. ಮೊದಲನೆಯದನ್ನು ಕೊಂಡರೆ ಹಳೆಯದು ಮನೆಯಲ್ಲೇ ಉಳಿಯುತ್ತದೆ. ಒಂದು ಕೈ ಕೊಟ್ಟರೆ ಇನ್ನೊಂದು ಇರುತ್ತದೆ. ನಡುವಿನದಕ್ಕೆ ಐವತ್ತೆಂಟು ಸಾವಿರ. ಅದನ್ನು ಕೊಂಡರೆ ಹಳೆಯದನ್ನೂ ಕೊಡಬೇಕು, ಆಮೇಲೂ ಸಾಲದು. ಆದರೆ ತಿರುಪ್ಪೂರಿನ ನಟರಾಜನ್ ಕೊಡುತ್ತೇನೆ ಎಂದಿರುವ ಕೆಲಸ ನಡುವಿನದಕ್ಕೆ ಮಾತ್ರ ಸಾಧ್ಯ.

ನಟರಾಜನ್ ಮಕ್ಕಳ ಫ್ರಾಕುಗಳ ಎದೆಗೆ ಅಂಟಿಸುವ ಚಿತ್ರಗಳನ್ನು ಪ್ರಿಂಟ್ ಮಾಡಿಸುವವರು. ಹಸಿರು ಗಿಳಿ, ಕೆಂಪು ಕೊಕ್ಕು. ಕತ್ತರಿಸಿ, ಸುತ್ತಲಿನ ಬೇಡದ ಹಾಳೆಯನ್ನು ಕಿತ್ತು ಕೊಟ್ಟರೆ ಕಂಪನಿಯಲ್ಲಿ ಬಿಸಿ ಪ್ರೆಸ್ಸಿನಿಂದ ಬಟ್ಟೆಗೆ ಒತ್ತುತ್ತಾರೆ. "ಮೊದಲ ರೋಲು ಸರಿಯಾಗಿ ಕೊಡು, ಮಾರ್ಚ್‌ವರೆಗೂ ನಿನಗೇ," ಎಂದಿದ್ದರು. ಮಾರ್ಚ್‌ವರೆಗೆ ಎಂದರೆ ಆರು ತಿಂಗಳು. ಆರು ತಿಂಗಳು ಮನೆಯಲ್ಲೇ, ತನ್ನದೇ ಮೇಜಿನ ಮುಂದೆ.

ಹಾಗಲ್ಲದಿದ್ದರೆ ಏನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಒಂಬತ್ತು ವರ್ಷ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮಾಡಿದವಳು. ಬೆಳಿಗ್ಗೆ ಏಳೂಕಾಲಿಗೆ ವ್ಯಾನು, ನಿಂತೇ ಕೆಲಸ, ಬಟ್ಟೆ ತಿರುಗಿಸಿ ತಿರುಗಿಸಿ ನೋಡುವುದು, ದಾರ ಕತ್ತರಿಸುವುದು, ಕಾಲಿನ ನರ ಹಗ್ಗದ ಹಾಗೆ ಉಬ್ಬುವುದು, ಬಾತ್‌ರೂಮಿಗೆ ಹೋಗಬೇಕಾದರೆ ತನಗಿಂತ ಚಿಕ್ಕ ವಯಸ್ಸಿನ ಸೂಪರ್‌ವೈಸರನ ಮುಖ ನೋಡುವುದು. ಏಳು ವರ್ಷಗಳ ಹಿಂದೆ ಅಪ್ಪ ಕುಪ್ಪುಸಾಮಿ ತೀರಿಕೊಂಡಾಗ ಅವರ ಸ್ಟಿಕ್ಕರ್ ಮಿಷಿನನ್ನು ಮಾರಬೇಡಿ, ನಾನು ನಡೆಸುತ್ತೇನೆ ಎಂದು ಕೂತವಳು ಮತ್ತೆ ಎದ್ದಿರಲಿಲ್ಲ. ವಾಲಿಬಾಲ್ ತಂಡಗಳ ಹೆಸರು, ಕಬಡ್ಡಿಯವರ ನಂಬರು, ಟೆಂಪೋಗಳ ಹಿಂದಿನ ಬರಹ. ಈಗ ಅದೂ ಕಡಿಮೆಯಾಗಿತ್ತು. ಹಳೆಯ ಮಿಷಿನು ಒಂದು ಮೀಟರ್ ಓಡಿದರೆ ಹಾಳೆಯನ್ನು ಓರೆಯಾಗಿ ಎಳೆಯುತ್ತಿತ್ತು.

ಅವಳಿಗೆ ನಲವತ್ತನಾಲ್ಕು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಈಗ ಯಾರೂ ಕೇಳುತ್ತಿರಲಿಲ್ಲ. ಕೇಳುವುದನ್ನು ಜನ ಯಾವ ವರ್ಷ ನಿಲ್ಲಿಸಿದರು ಎಂಬುದು ಮಾತ್ರ ಅವಳಿಗೆ ನೆನಪಿತ್ತು.

"ಯೋಚನೆ ಮಾಡಿ ಹೇಳ್ತೀನಿ ತಂಬಿ," ಎಂದು ಬಸ್ಸು ಹತ್ತಿದಳು.

*

ಅವರ ಮನೆಯಲ್ಲಿ ಕನ್ನಡ ಎಂದರೆ ಅವ್ವ. ಧಾರಾಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಜಾನಮ್ಮನಿಗೆ ಎಪ್ಪತ್ತೊಂದಾದರೂ ಮನೆಯೊಳಗೆ ತಮಿಳು ಆಡಿದರೆ ಸಿಟ್ಟು. ಹೊರಗೆ ಆಡದಿದ್ದರೆ ನಡೆಯದು. ಹೀಗಾಗಿ ಬಾಗಿಲ ಹೊಸ್ತಿಲಲ್ಲಿ ನಿಂತರೆ ಎರಡೂ ಕಲಸಿಹೋಗುತ್ತಿತ್ತು.

"ನೋಡಿದ್ಯಾ? ಯಾವುದ ಹಿಡಿಸ್ತು?"

"ಹಿಡಿಸಿದ್ದು ಒಂದು, ಕಾಸಿರೋದು ಇನ್ನೊಂದಕ್ಕೆ."

"ಎಷ್ಟ ಕಮ್ಮಿ ಬೀಳ್ತದೆ?"

"ಬಿಡವ್ವ. ಚಿಕ್ಕದನ್ನೇ ತರ್ತೀನಿ."

"ಎಷ್ಟು ಅಂದೆ."

"ಇಪ್ಪತ್ತೆರಡು. ಹಳೇದನ್ನೂ ಕೊಟ್ಟು."

ಜಾನಮ್ಮ ಒಳಗೆ ಹೋದರು. ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಆ ಸದ್ದು ಕೇಳಿದ್ದೇ ಕಲೈಸೆಲ್ವಿ ಕೈತೊಳೆಯುವುದನ್ನು ನಿಲ್ಲಿಸಿದಳು. ಅಕ್ಕಿ ಡಬ್ಬಿಯ ತಳದಲ್ಲಿ, ಹಳದಿ ಬಟ್ಟೆಯಲ್ಲಿ ಕಟ್ಟಿದ ಕಿವಿಯ ಕೆಂಪುಕಲ್ಲಿನ ತೋಡು ಒಂದು ಜೊತೆ ಇತ್ತು. ಅವಳಿಗೆ ಹತ್ತೊಂಬತ್ತಾದಾಗ ಅವ್ವ ಕಿವಿಯಿಂದ ಬಿಚ್ಚಿ ಇಟ್ಟದ್ದು, ಮಗಳ ಮುಹೂರ್ತದ ದಿನಕ್ಕೆ. ಆಮೇಲೆ ಡಬ್ಬಿಗಳು ಬದಲಾದವು, ಬಾಡಿಗೆ ಮನೆಗಳು ಬದಲಾದವು. ತೋಡು ಮಾತ್ರ ಅಕ್ಕಿಯ ಕೆಳಗೇ ಇತ್ತು. ಎಂಥ ಕಷ್ಟದಲ್ಲೂ ಅದನ್ನು ಮುಟ್ಟಿರಲಿಲ್ಲ. ಅಪ್ಪನ ಆಸ್ಪತ್ರೆಗೂ ಮುಟ್ಟಿರಲಿಲ್ಲ. ಅದು ಅಲ್ಲಿರುವಷ್ಟು ದಿನ ಅವ್ವನ ಮನಸ್ಸಿನಲ್ಲಿ ಎಲ್ಲೋ ಒಬ್ಬ ಗಂಡು ಇನ್ನೂ ದಾರಿಯಲ್ಲಿದ್ದಾನೆ ಎಂದೇ ಕಲೈಸೆಲ್ವಿ ತಿಳಿದಿದ್ದಳು.

ಗಂಟಿಗೆ ಅಂಟಿದ ಅಕ್ಕಿಕಾಳು ಕೊಡವಿ ಜಾನಮ್ಮ ಮಗಳ ಮುಂದೆ ಇಟ್ಟರು.

"ತಗೋ."

"ಅವ್ವಾ, ಬ್ಯಾಡ."

"ಇನ್ನು ಯಾರಿಗೆ ಇಟ್ಕೊಂಡಿರಾನ?" ಎಂದರು. ದನಿಯಲ್ಲಿ ದುಃಖವಿರಲಿಲ್ಲ. ಇಂದಿನ ಪಲ್ಯ ಯಾವುದು ಎಂದು ಕೇಳುವ ದನಿ.

ಇಪ್ಪತ್ತೈದು ವರ್ಷ ಇಬ್ಬರೂ ಆಡದೆ ಉಳಿಸಿಕೊಂಡಿದ್ದ ಮಾತು ಅಷ್ಟು ಸುಲಭವಾಗಿ ಹೊರಬಿತ್ತು. ಕಲೈಸೆಲ್ವಿ ಗಂಟನ್ನು ಎತ್ತಿಕೊಂಡಳು. ಹಗುರವಾಗಿತ್ತು. ಅವಳಿಗೆ ಅಳು ಬರಲಿಲ್ಲ, ಒಂದು ಬಗೆಯ ನಾಚಿಕೆ ಬಂತು. ತಾನು ಬೇಡ ಎಂದದ್ದು ಒಂದೇ ಸಲ ಎಂದು ಆಮೇಲೆ ಎಷ್ಟೋ ದಿನ ನೆನೆದಳು.

*

ಮಿಷಿನು ಬಂದದ್ದು ಆಯುಧಪೂಜೆಗೆ ನಾಲ್ಕು ದಿನ ಮೊದಲು. ಹಳೆಯದನ್ನು ಎತ್ತಿಕೊಂಡು ಹೋದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯೇ ಇತ್ತು. ಸೆಂದಿಲ್ ಕುಮಾರ್ ಬಂದು ಜೋಡಿಸಿ, ಎರಡು ಮೀಟರ್ ಓಡಿಸಿ ತೋರಿಸಿದ. ಕೆಂಪು ಬೆಳಕು ಗುರುತಿನಿಂದ ಗುರುತಿಗೆ ಹೋಗಿ, ಒಂದು ಕ್ಷಣ ನಿಂತು, ಆಮೇಲೆ ಗಿಳಿಯ ಸುತ್ತ ಸುಳಿಯಿತು. ಸುತ್ತಲಿನ ಹಾಳೆ ಕಿತ್ತಾಗ ಗಿಳಿ ಒಂದೇ ಒಂದು ಬಿಳಿ ಅಂಚಿಲ್ಲದೆ ಅಲ್ಲಿ ಕೂತಿತ್ತು.

"ಅಯ್ಯೋ, ಹಾರೋಗೋ ಹಂಗೈತೆ!" ಎಂದರು ಜಾನಮ್ಮ. ಪಕ್ಕದ ಮನೆಯ ವಿಜಯಮ್ಮನನ್ನು ಕರೆದು ತೋರಿಸಿದರು. ವಿಜಯಮ್ಮ ಬಾಗಿಲಲ್ಲೇ ನಿಂತು, "ಏನ್ ಜಾನಕ್ಕಾ, ಮಾಪ್ಪಿಳ್ಳೆ ಬಂದಂಗೆ ಮೆರೀತಾ ಇದೀರಾ," ಎಂದಳು. ಮಾಪ್ಪಿಳ್ಳೆ ಎಂದರೆ ಮದುಮಗ. ಕಲೈಸೆಲ್ವಿಯ ಕೈ ನಿಂತಿತು. ಜಾನಮ್ಮ ಮಾತ್ರ ನಕ್ಕುಬಿಟ್ಟರು. "ಆಮಾ. ಹೌದು ಮತ್ತೆ, ಇವನು ವರದಕ್ಷಿಣೆ ಮುಗಿಸ್ಕೊಂಡೇ ಬಂದವನೆ. ಕುಡಿಯಾಕಿಲ್ಲ, ಸೇದಾಕಿಲ್ಲ."

ನಟರಾಜನ್‌ರ ರೋಲು ಮಾತ್ರ ತಡವಾಯಿತು. ಪ್ರಿಂಟಿಂಗಿನಲ್ಲಿ ಸಾಲು ಇದೆ ಎಂದು ಎರಡು ದಿನ ತಳ್ಳಿ, ಆಯುಧಪೂಜೆಯ ಹಿಂದಿನ ಸಂಜೆ ಕಳಿಸಿದರು. ಐವತ್ತು ಮೀಟರ್. ಮೂರು ಸಾವಿರ ಗಿಳಿಗಳು. "ವಿಜಯದಶಮಿ ಬೆಳಿಗ್ಗೆ ನಾನೇ ಬಂದು ತಗೋತೀನಿ. ಅವತ್ತೇ ಪ್ರೆಸ್ಸಿಗೆ ಹೋಗ್ಬೇಕು," ಎಂದು ಫೋನಿನಲ್ಲಿ ಹೇಳಿದರು.

ಪೂಜೆಯ ದಿನ ಬೆಳಿಗ್ಗೆಯೇ ಜಾನಮ್ಮ ಚಂದನದ ಕೊರಡು ತೇಯಲು ಕೂತರು. ಕಡೆಗೆ ಅಂಗೈ ತುಂಬ ಆಯಿತು. ಪ್ರತಿ ವರ್ಷ ಹಳೆಯ ಮಿಷಿನಿಗೂ ಅವರೇ ಹಚ್ಚುತ್ತಿದ್ದರು. ಹೊಲಿಗೆ ಮಿಷಿನಾದರೆ ಸೂಜಿಯ ಮೇಲೆ, ಲಾರಿಯಾದರೆ ಸ್ಟಿಯರಿಂಗಿಗೆ, ಯಾವ ಭಾಗ ದುಡಿಯುತ್ತದೋ ಆ ಭಾಗಕ್ಕೆ ಇಡಬೇಕು ಎನ್ನುವುದು ಅವರ ಪದ್ಧತಿ. ಹಾಗಾಗಿ ಬ್ಲೇಡು ಕೂತ ತಲೆಯ ಮುಖಕ್ಕೆ ಮೂರು ಬೆರಳಲ್ಲಿ ದಪ್ಪವಾಗಿ ಬಳಿದರು. ಒಮ್ಮೆ ಹಿಂದೆ ಸರಿದು ನೋಡಿದರು, ಸಾಲದು ಎನ್ನಿಸಿ ಇನ್ನೊಮ್ಮೆ ಬಳಿದರು. ಮಲ್ಲಿಗೆಯ ಒಂದು ಮೊಳ ಮೇಲೆ ಇಟ್ಟರು.

"ಕುಂಕುಮ ನೀನು ಇಕ್ಕು," ಎಂದರು. ಗಂಡ ತೀರಿದ ಮೇಲೆ ಅವರು ಕುಂಕುಮ ಮುಟ್ಟುತ್ತಿರಲಿಲ್ಲ.

ಕಲೈಸೆಲ್ವಿ ಒದ್ದೆ ಚಂದನದ ನಡುವೆ ಕುಂಕುಮ ಒತ್ತಿದಳು. ಕರ್ಪೂರ, ಪುರಿ, ಕಡಲೆ, ಬಾಳೆಹಣ್ಣು. ಮಂಗಳಾರತಿಯ ಬೆಳಕಿನಲ್ಲಿ ಅವ್ವ ಕಣ್ಣುಮುಚ್ಚಿ ನಿಂತದ್ದನ್ನು ನೋಡಿ, ಇವರು ಈಗ ಏನು ಬೇಡುತ್ತಿರಬಹುದು ಎಂದು ಯೋಚಿಸಿದಳು. ಬೇಡಲು ಹೊಸದೇನಾದರೂ ಸಿಕ್ಕಿದ್ದು ಅವರಿಗೆ ಎಷ್ಟೋ ವರ್ಷಗಳ ಮೇಲೆ.

ಆಮೇಲೆ ಅವಳು ಮಿಷಿನಿನ ಸ್ವಿಚ್ ಹಾಕಲು ಹೋದಾಗ ಜಾನಮ್ಮ ಕೈ ಹಿಡಿದರು.

"ಇವತ್ತು ಬ್ಯಾಡ. ಪೂಜೆ ಆದ ಮಿಷಿನು ಇವತ್ತು ಮಲಗಬೇಕು. ನಾಳೆ ಎಬ್ಬಿಸು."

"ನಾಳೆ ಬೆಳಿಗ್ಗೆ ಬಂದು ನಿಲ್ತಾರೆ ಅವ್ವ. ಐವತ್ತು ಮೀಟರು. ಕೀಳೋದು ಬೇರೆ ಐತೆ."

"ಊರೆಲ್ಲಾ ನಿಂತೈತೆ ಇವತ್ತು. ಒಂದು ಸದ್ದಿಲ್ಲ ನೋಡು."

ನಿಜ. ಬೀದಿಯಲ್ಲಿ ಪವರ್‌ಲೂಮಿನ, ಓವರ್‌ಲಾಕಿನ, ಯಾವ ಸದ್ದೂ ಇರಲಿಲ್ಲ. ಬಾಳೆಕಂದು ಕಟ್ಟಿದ ಬಾಗಿಲುಗಳು ಮುಚ್ಚಿದ್ದವು.

"ಒಂದು ಸಲ, ಅವ್ವ. ಮಾರ್ಚ್‌ವರೆಗಿನ ಕೆಲಸ."

ಜಾನಮ್ಮ ಕೈ ಬಿಟ್ಟರು.

*

ಮೊದಲ ಎರಡು ಮೀಟರನ್ನು ಕಲೈಸೆಲ್ವಿ ಕಣ್ಣು ಮಿಟುಕಿಸದೆ ನೋಡಿದಳು. ಕಿತ್ತೂ ನೋಡಿದಳು. ಗಿಳಿ, ಕೊಕ್ಕು, ಬಾಲ ಎಲ್ಲ ಸರಿ. ರೋಲು ತಾನಾಗಿ ಮುಂದೆ ಸರಿಯುತ್ತಿತ್ತು. ಬ್ಲೇಡು ಹಾಳೆಯ ಮೇಲಿನ ಪದರವನ್ನಷ್ಟೇ ಸೀಳುವುದರಿಂದ ಕತ್ತರಿಸಿದ ಗೆರೆ ದೂರಕ್ಕೆ ಕಾಣುವುದೂ ಇಲ್ಲ.

"ಬಾ, ಕಡಲೆ ಸುಂಡಲ್ ಆರೋಗ್ತದೆ," ಎಂದು ಅವ್ವ ಅಡುಗೆಮನೆಯಿಂದ ಕರೆದರು.

ಹೋದಳು. ಹತ್ತು ನಿಮಿಷಕ್ಕೆಂದು ಹೋದವಳು ಕೂತುಬಿಟ್ಟಳು. ಅವ್ವ ಎಂದೂ ಹೇಳದ್ದನ್ನು ಹೇಳುತ್ತಿದ್ದರು. ಅಮರಾವತಿ ಹೊಳೆಯಲ್ಲಿ ತಾನು ಹುಡುಗಿಯಾಗಿದ್ದಾಗ ಎಮ್ಮೆಯ ಬೆನ್ನೇರಿ ದಾಟಿದ್ದು, ಆ ತೋಡು ಕೊಡಿಸಲು ತನ್ನ ಅಪ್ಪ ಹೊಗೆಸೊಪ್ಪು ಮಾರಿದ್ದು, ಅಕ್ಕಸಾಲಿಗ ಒಂದು ಕಲ್ಲು ಕಮ್ಮಿ ಹಾಕಿದ್ದನ್ನು ಅಜ್ಜಿ ಸಂತೆಯ ನಡುವೆ ಹಿಡಿದು ಜಾಡಿಸಿದ್ದು. "ನಿನ್ನ ಕಿವಿಗೆ ಚಂದ ಇರೋದು," ಎಂದು ನಡುವೆ ಒಂದು ಮಾತು ಹೇಳಿ, ತಕ್ಷಣ "ಇರಲಿ, ಈಗ ಅದು ದುಡೀತಾ ಐತಲ್ಲ," ಎಂದರು. ಇಬ್ಬರೂ ನಕ್ಕರು. ಮುಂದಿನ ಕೋಣೆಯಿಂದ ಮಿಷಿನಿನ ಸದ್ದು ಬರುತ್ತಲೇ ಇತ್ತು. ಅದು ಓಡುತ್ತಿದೆ, ನಾನು ಕೂತಿದ್ದೇನೆ, ನನ್ನ ಕೆಲಸ ಆಗುತ್ತಿದೆ ಎನ್ನುವುದು ಕಲೈಸೆಲ್ವಿಗೆ ಹೊಸ ಸುಖ. ಹಳೆಯ ಮಿಷಿನಿನ ಮುಂದಿನಿಂದ ಒಂದು ನಿಮಿಷ ಏಳುವ ಹಾಗಿರಲಿಲ್ಲ. ಕಾಪಿ ಕುಡಿದಳು. ಅವ್ವನ ಕಾಲಿಗೆ ಎಣ್ಣೆ ಹಚ್ಚಿದಳು. ಸದ್ದು ನಿಂತಾಗ ಮೂರು ಗಂಟೆ ದಾಟಿತ್ತು.

ಕೊಕ್ಕೆ ಹಿಡಿದು ಕೀಳಲು ಕೂತಳು. ಆಗಲೇ ನೋಡಿದ್ದ ಎರಡು ಮೀಟರಿನ ಮುಂದಿನ ಮೊದಲ ಸಾಲು ಸರಿಯಿತ್ತು. ಐದನೆಯ ಸಾಲಿನಲ್ಲಿ ಗಿಳಿಯ ಬಾಲದ ಬಳಿ ಬಿಳಿ ಅಂಚು ಕಂಡಿತು. ಏಳನೆಯದರಲ್ಲಿ ಬೇಡದ ಹಾಳೆಯ ಜೊತೆಗೆ ಏನೋ ಕೆಂಪು ಎದ್ದುಬಂತು. ಕೊಕ್ಕು. ಅವಳು ರೋಲನ್ನು ಬಿಚ್ಚುತ್ತ ಹೋದಳು. ಕೋಣೆಯ ಆ ಗೋಡೆಯಿಂದ ಈ ಗೋಡೆಯವರೆಗೆ, ಹೊಸ್ತಿಲು ದಾಟಿ, ನಡುಮನೆಯವರೆಗೆ. ಎಲ್ಲಿ ಕಿತ್ತರೂ ಒಂದೇ. ಕತ್ತರಿಸಿದ ಗೆರೆ ಚಿತ್ರದಿಂದ ಅರ್ಧ ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು. ಎದೆ ಸೀಳಿದ ಗಿಳಿಗಳು, ಕೊಕ್ಕಿಲ್ಲದ ಗಿಳಿಗಳು.

ರಜೆಯಾದರೂ ಸೆಂದಿಲ್ ಕುಮಾರ್ ಫೋನ್ ಎತ್ತಿದ.

"ಟಾರ್ಚ್ ಹಿಡಿದು ತಲೆಯ ಅಡಿಗೆ ನೋಡಿ ಅಕ್ಕಾ. ಕೆಂಪು ಲೈಟು ಪೂರ್ತಿ ಕಾಣ್ತದಾ?"

ಅವಳು ನೆಲದ ಮೇಲೆ ಮಲಗಿ ನೋಡಿದಳು. ತಲೆಯ ಮುಖದಿಂದ ಇಳಿದ ಚಂದನ ಅಡಿಗೆ ಹರಿದು, ಓಡಾಟದ ಬಿಸಿಗೆ ಒಣಗಿ, ಆ ಪುಟ್ಟ ಗಾಜಿನ ಅರ್ಧಕ್ಕೆ ಹಳದಿಯ ಹಕ್ಕಳೆ ಕಟ್ಟಿತ್ತು. ಅದರೊಳಗೆ ಒಂದು ಎಳೆ ಕೆಂಪು. ಅವಳದೇ ಕುಂಕುಮ.

"ಕಂಡಿತಾ? ಚಂದನವಾ?" ಅವನು ನಕ್ಕ. "ಇವತ್ತು ನಿಮ್ಮದು ಐದನೇ ಫೋನ್ ಅಕ್ಕಾ. ಬೆಂಕಿಪೊಟ್ಟಣಕ್ಕೂ ಬೊಟ್ಟು ಇಡೋ ಜನ ನಾವು. ಹತ್ತೀಲಿ ಸ್ಪಿರಿಟ್ ಅದ್ದಿ ಒರೆಸಿ. ಏನೂ ಆಗಿಲ್ಲ."

ಒರೆಸಿದಳು. ಒಂದು ನಿಮಿಷದ ಕೆಲಸ. ಉಳಿದಿದ್ದ ತುಂಡಿನಲ್ಲಿ ಒಂದು ಗಿಳಿ ಕತ್ತರಿಸಿ ನೋಡಿದಳು. ಕೂದಲೆಳೆ ತಪ್ಪಿಲ್ಲದೆ ಬಂತು. ಅವಳು ಆ ಒಂದು ಗಿಳಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಹನ್ನೆರಡು ವರ್ಷ ಹಳೆಯ ಮಿಷಿನಿಗೆ ಇದೇ ಚಂದನ ಬಳಿದಿದ್ದರು. ಓದುವುದೇ ಗೊತ್ತಿಲ್ಲದ ಆ ಮಿಷಿನಿಗೆ ಏನೂ ಆಗಿರಲಿಲ್ಲ.

ಬಾಗಿಲಲ್ಲಿ ಜಾನಮ್ಮ ನಿಂತಿದ್ದರು. ನೆಲದ ತುಂಬ ಹರಡಿದ ರೋಲನ್ನು ನೋಡಿದರು.

"ಏನಾಯ್ತು?"

ಕಲೈಸೆಲ್ವಿ ಹಳದಿಯಾದ ಹತ್ತಿಯನ್ನು ಮುಷ್ಟಿಯೊಳಗೆ ಅದುಮಿದಳು.

"ತಪ್ಪಾಗಿ ಕತ್ತರಿಸೈತೆ, ಅವ್ವ."

ಜಾನಮ್ಮ ನಿಧಾನಕ್ಕೆ ಹೊಸ್ತಿಲ ಮೇಲೆ ಕೂತರು. "ನಾನು ಹೇಳಲಿಲ್ವಾ," ಎಂದರು. "ಮಲಗಿದ್ದನ್ನ ಎಬ್ಬಿಸಬ್ಯಾಡ ಅಂತ. ಕೈ ಹಿಡಿದು ಹೇಳಿದ್ನಲ್ಲ."

*

ಮರುದಿನ ನಟರಾಜನ್ ಬಂದಾಗ ಹಣೆಯಲ್ಲಿ, ಅಂಗಿಯ ಜೇಬಿನ ಮೇಲೆ ಅವರ ಕಂಪನಿಯ ಪೂಜೆಯ ಚಂದನ ಇನ್ನೂ ಇತ್ತು. ಬೈಯಲಿಲ್ಲ. ಒಂದು ಮೊಳ ರೋಲು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೆಂಗಾಯ್ತಮ್ಮಾ?"

"ಗುರುತು ಓದಲಿಲ್ಲ ಅಣ್ಣಾ."

"ಮಿಷಿನ್ ಕೆಟ್ಟಿದ್ರೆ ಹೇಳು, ಅಂಗಡಿಯವನನ್ನ ಹಿಡಿಯೋಣ. ಹೊಸ ಮಿಷಿನ್, ಗ್ಯಾರಂಟಿ ಇರ್ತದಲ್ಲ."

"ಮಿಷಿನ್ ಸರಿಯಾಗೇ ಇದೆ."

"ಮತ್ತೆ?"

ಜಾನಮ್ಮ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ತಮಿಳಿನ ಒಂದೊಂದು ಮಾತೂ ಅವರಿಗೆ ತಿಳಿಯುತ್ತಿತ್ತು. ಕಲೈಸೆಲ್ವಿ ನಟರಾಜನ್‌ರ ಜೇಬಿನ ಮೇಲಿನ ಚಂದನವನ್ನೇ ನೋಡಿದಳು. ಹೇಳಿದರೆ ಈ ಮನುಷ್ಯನಿಗೆ ಅರ್ಥವಾಗುತ್ತದೆ. ನಿನ್ನೆ ಅವರೂ ತಮ್ಮ ಮಿಷಿನುಗಳಿಗೆ ಹಚ್ಚಿದವರೇ. ಅಯ್ಯೋ ಪಾಪ ಎಂದು ಇನ್ನೊಂದು ರೋಲು ಕೊಟ್ಟರೂ ಕೊಟ್ಟಾರು. ಒಂದು ವಾಕ್ಯ ಸಾಕು. ಅವ್ವ ಹಚ್ಚಿದ ಚಂದನ ಇಳಿದು ಹೀಗಾಯಿತು ಎಂದರೆ ಸಾಕು. ಅಕ್ಕಿಯ ಕೆಳಗಿನಿಂದ ತೋಡು ತೆಗೆದ ಅದೇ ಕೈ, ಸಾಲದೆಂದು ಎರಡನೆಯ ಸಲ ಬಳಿದ ಆ ಕೈ, ಬಾಗಿಲ ಚೌಕಟ್ಟು ಹಿಡಿದು ನಿಂತಿತ್ತು.

"ನಾನು ನೋಡ್ತಾ ಇರಲಿಲ್ಲ ಅಣ್ಣಾ," ಎಂದಳು. "ಓಡೋಕೆ ಬಿಟ್ಟು ಒಳಗೆ ಹೋಗಿದ್ದೆ."

ನಟರಾಜನ್‌ರ ಮುಖದಲ್ಲಿದ್ದ ಮರುಕ ಮುಚ್ಚಿಕೊಂಡಿತು. ಅವಳು ಅದನ್ನು ಕಣ್ಣಾರೆ ಕಂಡಳು.

"ಮೂರು ಸಾವಿರ ಪೀಸು. ಪ್ರಿಂಟು, ರೋಲು, ಎಲ್ಲಾ ನಂದು. ಇವತ್ತು ಪ್ರೆಸ್ಸಿನ ಮುಂದೆ ಆರು ಜನ ಸುಮ್ಮನೆ ಕೂತಿರ್ತಾರೆ." ಅವರು ಮಿಷಿನಿನ ಕಡೆ ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು.

"ನಿಮ್ಮ ನಷ್ಟಕ್ಕೆ ಮಿಷಿನ್ ತಗೊಂಡು ಹೋಗಿ," ಎಂದಳು ಕಲೈಸೆಲ್ವಿ. "ಚೆನ್ನಾಗಿ ಓಡ್ತದೆ."

ಮಧ್ಯಾಹ್ನ ಟೆಂಪೋ ಬಂತು. ಮಲ್ಲಿಗೆ ಇನ್ನೂ ಮಿಷಿನಿನ ಮೇಲೇ ಇತ್ತು, ಬಾಡಿ ಕಂದಾಗಿ. ಜಾನಮ್ಮ ಹೂವನ್ನು ತೆಗೆದಿಟ್ಟುಕೊಂಡರು. ಟೆಂಪೋ ತಿರುವು ದಾಟಿದ ಮೇಲೆ, "ಒಂದು ದಿನ," ಎಂದರು. "ಒಂದೇ ಒಂದು ದಿನ ತಾಳಲಿಲ್ಲ ನೀನು."

"ಆಮಾ ಅವ್ವ."

"ಅವಸರ. ನಿಮ್ಮಪ್ಪಂದೇ ಅವಸರ."

"ಆಮಾ. ನಂದೇ ತಪ್ಪು."

ಅವರು ಇನ್ನೂ ಬೈಯಲಿ ಎಂದು ಅವಳು ಕಾದಳು. ಬೈಯುವಷ್ಟು ಹೊತ್ತು ಅವರಿಗೆ ಬೇರೆ ಯೋಚನೆ ಬರುವುದಿಲ್ಲ. ಆದರೆ ಜಾನಮ್ಮ ಬಾಡಿದ ಹೂವು ಹಿಡಿದು ಒಳಗೆ ಹೋದರು. ರಾತ್ರಿ ಅಕ್ಕಿ ಅಳೆಯುವಾಗ ಅವರ ಕೈ ಡಬ್ಬಿಯ ತಳದವರೆಗೆ ಹೋಗಿ, ಬರಿದಾಗಿ ಮೇಲೆ ಬಂತು. ಅಭ್ಯಾಸ.

*

ಬನಿಯನ್ ಕಂಪನಿಯಲ್ಲಿ ತನ್ನ ಹಳೆಯ ಕೆಲಸದ ನೆನಪು ಹೇಳಿದ್ದಕ್ಕೆ ಚೆಕಿಂಗಿಗೆ ತೆಗೆದುಕೊಂಡರು. ಈಗ ಹತ್ತೊಂಬತ್ತು ವರ್ಷದ ಹುಡುಗಿಯರು ಅವಳಿಗೆ ಪೀಸು ಹೇಗೆ ತಿರುಗಿಸಬೇಕೆಂದು ಹೇಳಿಕೊಡುತ್ತಾರೆ. ಗೊತ್ತು ಎಂದು ಅವಳು ಹೇಳುವುದಿಲ್ಲ.

ಎರಡನೆಯ ವಾರದ ಶುಕ್ರವಾರ ಬೆಳಿಗ್ಗೆ ವ್ಯಾನಿಗೆ ಹೊರಟು ನಿಂತಾಗ ಅವ್ವ ಹೊರಗೆ ವಿಜಯಮ್ಮನ ಜೊತೆ ಮಾತಾಡುತ್ತಿರುವುದು ಕೇಳಿಸಿತು. "ಏನು ಮಾಡೋದು ವಿಜಯಾ, ಪೂಜೆ ದಿನ ಓಡಿಸಿಬಿಟ್ಟಳು. ಹೇಳಿದ ಮಾತು ಕೇಳೋ ಮಗಳಾಗಿದ್ರೆ ಇವತ್ತು..." ಕಲೈಸೆಲ್ವಿ ಚಪ್ಪಲಿ ಮೆಟ್ಟಿ, ಮಾತು ಮುಗಿಯುವವರೆಗೆ ಒಳಗೇ ನಿಂತಳು.

ಜಾನಮ್ಮ ಒಳಗೆ ಬಂದರು. ಕೈಯಲ್ಲಿ ಚಂದನದ ಬಟ್ಟಲು.

"ದಾರ ಕತ್ತರಿಸೋ ಕತ್ರಿ ಎಲ್ಲಿ? ಕೊಡಿಲ್ಲಿ. ಹೊಸ ಕೆಲಸ, ಒಂದು ಬೊಟ್ಟಾದರೂ ಇಕ್ಕದೆ ಹೋಗ್ತಾ ಇದೀಯ."

ಅವಳು ಚೀಲದಿಂದ ಪುಟ್ಟ ಕತ್ತರಿ ತೆಗೆದು ಚಾಚಿದಳು. ಅವ್ವ ಅದರ ಎರಡು ಅಲಗು ಕೂಡುವ ಜಾಗಕ್ಕೆ ಒದ್ದೆ ಚಂದನ ಬಳಿದರು. ಒಮ್ಮೆ ನೋಡಿ, ಇನ್ನೊಮ್ಮೆ ಬಳಿದರು.

"ಕುಂಕುಮ ನೀನಿಕ್ಕು."

ಇಟ್ಟಳು. ಬೀದಿಯ ತುದಿಯಲ್ಲಿ ವ್ಯಾನು ಹಾರನ್ ಹೊಡೆಯಿತು.

ಕಿಟಕಿಯ ಪಕ್ಕ ಕೂತು ಅವಳು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು. ಒರೆಸಲಿಲ್ಲ. ತೆರೆದಳು, ಮುಚ್ಚಿದಳು. ಚಂದನ ಒಣಗಿ ಸೀರೆಯ ಮೇಲೆ ಪುಡಿಪುಡಿಯಾಗಿ ಉದುರಿತು. ಇದಕ್ಕೆ ಎಷ್ಟು ಬೇಕಾದರೂ ಹಚ್ಚಬಹುದು, ಏನೂ ಕೆಡುವುದಿಲ್ಲ. ಇದು ಯಾವ ಗುರುತನ್ನೂ ಓದಬೇಕಾಗಿಲ್ಲ.